ಗುಲಾಬಿಯ ಕತ್ತರಿ, ಮಳೆಯ ಪಂಚಾಂಗ

ಊರು ಬಿಟ್ಟು ಮುಂಬಯಿಗೆ ಬಂದು ನೆಲೆಸಿದ ನಮ್ಮವರಲ್ಲಿ ಊರಿನಿಂದ ಒಂದಾದರೂ ಗಿಡವನ್ನು ತಂದು ನೆಡದವರು ಕಡಮೆ. ತುಳಸಿ, ದೊಡ್ಡಪತ್ರೆ, ಮಲ್ಲಿಗೆ ಇವೆಲ್ಲ ಹೇಗೋ ಇಲ್ಲಿನ ನೀರಿಗೆ ಒಗ್ಗಿಕೊಳ್ಳುತ್ತವೆ. ಒಗ್ಗದೆ ಹಟ ಹಿಡಿಯುವುದು ಗುಲಾಬಿ. ಕೆಲವು ವರ್ಷಗಳ ಹಿಂದೆ ನಾವೂ ಬೆಂಗಳೂರಿನಿಂದ ಎರಡು ಗುಲಾಬಿ ಕುಂಡಗಳನ್ನು ರೈಲಿನಲ್ಲಿ ಕಾಲಬುಡದಲ್ಲಿಟ್ಟುಕೊಂಡು, ಸಹಪ್ರಯಾಣಿಕರ ಗೊಣಗಾಟವನ್ನು ಸಹಿಸಿಕೊಂಡು ತಂದೆವು. ಒಂದು ಬಂಗಾರದಂಥ ಹಳದಿ. ಇನ್ನೊಂದು ಮಾರಿದವನು 'ನಾಟಿ' ಎಂದು ಕರೆದ ಸಾಧಾರಣ ನಸುಗೆಂಪು. ನಮ್ಮ ಬಾಲ್ಕನಿಗೆ ಎದುರು ಕಟ್ಟಡದ ನೆರಳು. ಬಿಸಿಲು ಬೀಳುವುದು ಬೆಳಗಿನ ಮೂರು ಗಂಟೆ ಮಾತ್ರ. ಆದರೂ ಮೊದಲ ಬೇಸಿಗೆಯಲ್ಲಿ ಎರಡೂ ಹೂ ಕೊಟ್ಟವು.

ಬೆಂಗಳೂರಿನ ಮನೆಯಲ್ಲಿ ನಮ್ಮ ಹಿರಿಯರು ಜೂನಿನಲ್ಲೊಮ್ಮೆ, ನವೆಂಬರಿನಲ್ಲೊಮ್ಮೆ ಗುಲಾಬಿಯನ್ನು ಸವರುತ್ತಿದ್ದರು. ಅದನ್ನು ನೋಡಿಯೇ ಬೆಳೆದ ನಾವು ಇಲ್ಲಿಯೂ ಹಾಗೆಯೇ ಮಾಡಿದೆವು. ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ಕತ್ತರಿ ಹಾಕಿದೆವು. ಹನ್ನೆರಡು ದಿನಕ್ಕೆ ಕೆಂಪು ಚಿಗುರು ಚೆನ್ನಾಗಿಯೇ ಒಡೆಯಿತು. ಆರಿದ್ರಾ ಮಳೆ ಕೂತ ಮೇಲೆ ಬಿಸಿಲನ್ನು ಕಂಡವರಿಲ್ಲ. ಎಲೆಗಳ ಮೇಲೆ ಕರಿಯ ಚುಕ್ಕೆಗಳು ಮೂಡಿದವು. ಅವುಗಳ ಅಂಚು ಮಸಿ ಹೀರಿದ ಕಾಗದದಂತೆ ಸುತ್ತಲೂ ಹರಡಿತು. ಎಲೆ ಹಳದಿಯಾಗಿ ಉದುರಿತು. ಸಾಲದೆಂಬಂತೆ, ಕತ್ತರಿಸಿದ ತುದಿಯಿಂದ ಕಡ್ಡಿ ಕಪ್ಪಾಗುತ್ತ ದಿನಕ್ಕಿಷ್ಟು ಕೆಳಗಿಳಿಯಿತು. ಗಣೇಶ ಚತುರ್ಥಿಗೆ ದೇವರಿಗೊಂದು ಹೂ ಇರಲಿ ಎಂದು ಕಾದ ನಮಗೆ ಹಳದಿ ಗಿಡದಲ್ಲಿ ಸಿಕ್ಕಿದ್ದು ಮುಳ್ಳು ಮಾತ್ರ. ನಸುಗೆಂಪಿನದು ಬಡಕಲಾಗಿ ಬದುಕಿಕೊಂಡಿತು.

ದೃಷ್ಟಿ ತಾಗಿದೆ ಎಂದರು ಒಬ್ಬರು. ಗೊಬ್ಬರ ಸಾಲದೆಂದರು ಇನ್ನೊಬ್ಬರು. ಸ್ಟೇಷನ್ನಿನ ಹೊರಗೆ ಗಿಡ ಮಾರುವವನು ಒಂದು ಬಾಟಲಿ ಔಷಧಿ ಕೊಟ್ಟು ದುಡ್ಡು ಎಣಿಸಿಕೊಂಡ. ಒಂದು ಸತ್ತು ಇನ್ನೊಂದು ಉಳಿದದ್ದೇಕೆ ಎಂಬ ನಮ್ಮ ಪ್ರಶ್ನೆಗೆ ಇವರಾರ ಬಳಿಯೂ ಉತ್ತರವಿರಲಿಲ್ಲ. ಅದನ್ನು ಹುಡುಕುತ್ತ ಹೋದಾಗ ಎದುರಾದದ್ದು ಸುಮಾರು ಇನ್ನೂರು ವರ್ಷಗಳ ಒಂದು ಇತಿಹಾಸ. ಅದರ ಒಂದು ಎಳೆ ನಮ್ಮ ಮಲೆನಾಡಿನ ಅಡಕೆ ತೋಟವನ್ನೂ ಹಾದುಹೋಗುತ್ತದೆಂದು ನಾವು ಎಣಿಸಿರಲಿಲ್ಲ.

ಗುಲಾಬಿಯದು ದೊಡ್ಡ ಕೂಡುಕುಟುಂಬ. ಯುರೋಪಿನ ಹಳೆಯ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೊಮ್ಮೆ ಹೂಬಿಟ್ಟು ಸುಮ್ಮನಾಗುತ್ತಿದ್ದವು. ವರ್ಷವಿಡೀ ಹೂ ಬಿಡುವ ಗುಣ ಅಲ್ಲಿಗೆ ಹೋದದ್ದು ಚೀನದಿಂದ. 1790ರ ದಶಕದಲ್ಲಿ ಎರಡು, 1809 ಮತ್ತು 1824ರಲ್ಲಿ ಒಂದೊಂದು, ಹೀಗೆ ನಾಲ್ಕು ಮುಖ್ಯ ತಳಿಗಳು ಇಂಗ್ಲೆಂಡನ್ನು ತಲುಪಿದವು. ಪೂರ್ವದ ಗಿಡಗಳಿಗೆ ಆಗ ಕಲ್ಕತ್ತೆಯ ಸಸ್ಯೋದ್ಯಾನ ಒಂದು ತಂಗುದಾಣವಾಗಿತ್ತು. ಅದರಿಂದಲೇ ಇರಬೇಕು, ಫ್ರೆಂಚರು ಚೀನೀ ಗುಲಾಬಿಯನ್ನು 'ಬಂಗಾಳದ ಗುಲಾಬಿ' ಎಂದು ಕರೆದರು. ದಾರಿಯಲ್ಲಿ ತಂಗಿದ ಊರೇ ಹುಟ್ಟೂರಿನ ಹೆಸರಾಗುವುದು ವಲಸಿಗರಾದ ನಮಗೆ ಹೊಸ ಅನುಭವವೇನೂ ಅಲ್ಲ. ದಕ್ಷಿಣದಿಂದ ಬಂದವರನ್ನೆಲ್ಲ 'ಮದ್ರಾಸಿ' ಎನ್ನುತ್ತಿದ್ದ ಕಾಲವನ್ನು ನಮ್ಮಲ್ಲಿ ಹಲವರು ಕಂಡಿದ್ದೇವೆ.

ಆ ಚೀನೀ ಗುಲಾಬಿಯೂ ಪಶ್ಚಿಮದ ದಮಾಸ್ಕಸ್ ಗುಲಾಬಿಯೂ ಹಿಂದೂ ಮಹಾಸಾಗರದ ರೀಯೂನಿಯನ್ ದ್ವೀಪದ ಬೇಲಿಗಳಲ್ಲಿ ಒಟ್ಟಿಗೆ ಬೆಳೆಯುತ್ತಿದ್ದವು. ಆ ದ್ವೀಪಕ್ಕೆ ಹಿಂದೆ ಬೂರ್ಬೋನ್ ಎಂದು ಹೆಸರು. ಅಲ್ಲಿ ತಾನಾಗಿ ಹುಟ್ಟಿದ ಒಂದು ಸಂಕರ ಗಿಡದ ಬೀಜ 1819ರ ಸುಮಾರಿಗೆ ಫ್ರಾನ್ಸಿಗೆ ಹೋಗಿ 'ಬೂರ್ಬೋನ್' ವಂಶ ಬೆಳೆಯಿತು. ಮಳೆ ಬೀಳುವ ಬಿಸಿನಾಡಿನಲ್ಲಿ ಹುಟ್ಟಿದ ವಂಶವಿದು. ಇದರ ಪೈಕಿ ಎಡ್ವರ್ಡ್ ಎಂಬುದು ಭಾರತದಲ್ಲಿ ಕಸಿಗೆ ಬೇರುಗಿಡವಾಗಿ ಬಹುಕಾಲದಿಂದ ಬಳಕೆಯಲ್ಲಿದೆ. ನೀವು ಕೊಂಡ ಕಸಿ ಗುಲಾಬಿಯ ಬುಡದಿಂದ ಬೇರೆ ಬಗೆಯ ಚಿಗುರೊಂದು ಎದ್ದು, ಮೇಲಿನದು ಸೊರಗಿ, ಕೊನೆಗೆ ಕುಂಡದಲ್ಲಿ ನಸುಗೆಂಪು ಹೂವೇ ಉಳಿದರೆ, ಯಜಮಾನ ಹೋಗಿ ಆಳೇ ಮನೆ ಹಿಡಿದಂತೆ ಈ ಬೇರುಗಿಡವೇ ಗೆದ್ದಿದೆ ಎಂದು ತಿಳಿಯಬಹುದು.

ಹಳದಿಯ ಕಥೆ ಬೇರೆ. ಹತ್ತೊಂಬತ್ತನೆಯ ಶತಮಾನದ ಕೊನೆಯವರೆಗೂ, ಮತ್ತೆ ಮತ್ತೆ ಹೂ ಬಿಡುವ ದೊಡ್ಡ ಗುಲಾಬಿಗಳಲ್ಲಿ ಅಚ್ಚ ಹಳದಿ ಬಣ್ಣವಿರಲಿಲ್ಲ. ಪಶ್ಚಿಮ ಏಷ್ಯದ ಒಣನೆಲದ ಕಾಡು ಹಳದಿ ಗುಲಾಬಿಯೊಂದಿತ್ತು. ಅದರ ಸುತ್ತುಸುತ್ತಿನ ಎಸಳಿನ ಬಗೆಯನ್ನು 1837ರಲ್ಲಿ ಹೆನ್ರಿ ವಿಲಾಕ್ ಎಂಬಾತ ಪರ್ಷಿಯಾದಿಂದ ಇಂಗ್ಲೆಂಡಿಗೆ ತಂದಿದ್ದ. ಅದನ್ನು ಹೊಸ ಗುಲಾಬಿಗಳೊಡನೆ ಕೂಡಿಸುವುದು ಯಾರಿಗೂ ಸುಲಭವಾಗಲಿಲ್ಲ. ಫ್ರಾನ್ಸಿನ ಲಿಯೋನ್ ನಗರದ ಜೋಸೆಫ್ ಪೆರ್ನೆ-ದ್ಯೂಶೆ ವರ್ಷಗಟ್ಟಲೆ ಹೆಣಗಿ 1900ರಲ್ಲಿ 'ಸೊಲೈ ದೋರ್' ಎಂಬ ತಳಿಯನ್ನು ಹೊರತಂದ. ಬಂಗಾರದ ಸೂರ್ಯ ಎಂದು ಅದರ ಅರ್ಥ. ಇಂದು ನರ್ಸರಿಗಳಲ್ಲಿ ನಮ್ಮ ಕಣ್ಣು ಸೆಳೆಯುವ ಹಳದಿ, ಕಿತ್ತಳೆ, ಬೆಂಕಿಬಣ್ಣದ ಗುಲಾಬಿಗಳಲ್ಲಿ ಬಹುಪಾಲಿಗೆ ಈ ಮನೆತನದ ರಕ್ತವಿದೆ.

ಬಣ್ಣದೊಡನೆ ಇನ್ನೆರಡು ಗುಣಗಳೂ ಬಂದವು. ಕರಿಚುಕ್ಕೆ ರೋಗಕ್ಕೆ ಬೇಗ ತುತ್ತಾಗುವುದು ಒಂದು. ಬುಡಮಟ್ಟ ಸವರಿದರೆ ಕಡ್ಡಿ ತುದಿಯಿಂದ ಒಣಗುತ್ತ ಬರುವುದು ಇನ್ನೊಂದು. ಒಣನಾಡಿನ ಗಿಡ ಎಲೆಯ ಮೇಲೆ ದಿನಗಟ್ಟಲೆ ನೀರು ನಿಲ್ಲುವುದನ್ನು ಎಲ್ಲಿ ಕಂಡೀತು? ನಮ್ಮ ಹಳದಿ ಗಿಡಕ್ಕೆ ತಗಲಿದ ದೃಷ್ಟಿ ಯಾವುದೆಂದು ಇಲ್ಲಿಗೆ ಗೊತ್ತಾಯಿತು.

ಕರಿಚುಕ್ಕೆ ಒಂದು ಬೂಷ್ಟಿನಿಂದ ಬರುವ ರೋಗ. ಈಗಿನ ಬೆಲ್ಜಿಯಮ್ಮಿನ ಮಾಲ್ಮೆದಿ ಊರಿನ ಮರಿ-ಆನ್ ಲಿಬೆರ್ ಎಂಬ ಮಹಿಳೆ 1827ರಲ್ಲಿ ಅದಕ್ಕೊಂದು ಶಾಸ್ತ್ರೀಯ ಹೆಸರಿಟ್ಟಳು. ಹೆಂಗಸರಿಗೆ ವಿಶ್ವವಿದ್ಯಾಲಯದ ಬಾಗಿಲು ತೆರೆಯದಿದ್ದ ಕಾಲದಲ್ಲಿ ಆಕೆ ಮಾಡಿದ ಕೆಲಸವನ್ನು ನೆನೆದರೆ ಆಶ್ಚರ್ಯವಾಗುತ್ತದೆ. 1912ರಲ್ಲಿ ಅಮೆರಿಕದ ವುಲ್ಫ್ ಅದರ ಪೂರ್ಣ ಜೀವನಚಕ್ರವನ್ನು ಕಂಡುಹಿಡಿದ. ಮುಖ್ಯವಾದ ಸಂಗತಿಯೆಂದರೆ, ಈ ಬೂಷ್ಟಿನ ಕಣ ಎಲೆಯೊಳಗೆ ಬೇರೂರಲು ಎಲೆ ಸುಮಾರು ಏಳು ಗಂಟೆಗಳ ಕಾಲ ಎಡೆಬಿಡದೆ ಒದ್ದೆಯಾಗಿರಬೇಕು. ನಡುವೆ ಗಾಳಿಯಾಡಿ ಎಲೆ ಒಣಗಿತೋ, ಕಣ ಅಲ್ಲಿಗೇ ನಿಲ್ಲುತ್ತದೆ. ಮಳೆ ಬಂದದ್ದಕ್ಕಿಂತ, ಬಂದ ಮೇಲೆ ಎಲೆ ಎಷ್ಟು ಹೊತ್ತಿಗೆ ಒಣಗಿತು ಎಂಬುದೇ ಇಲ್ಲಿ ಲೆಕ್ಕ. ನೆರಳು ಗುಲಾಬಿಗೆ ಶತ್ರುವಾಗುವುದು ಬೆಳಕು ಕಡಮೆಯಾಗುವುದರಿಂದ ಮಾತ್ರವಲ್ಲ, ಬೆಳಗಿನ ಇಬ್ಬನಿಯೂ ರಾತ್ರಿಯ ಮಳೆಯೂ ಮಧ್ಯಾಹ್ನದವರೆಗೆ ಎಲೆಯ ಮೇಲೇ ಕುಳಿತಿರುವುದರಿಂದ.

ಹಾಗಾದರೆ ವರ್ಷವಿಡೀ ಮೋಡ, ತುಂತುರು ಇರುವ ಇಂಗ್ಲೆಂಡಿನಲ್ಲಿ ಗುಲಾಬಿ ಹೇಗೆ ಮೆರೆಯಿತು? ಇದಕ್ಕೆ ನಮಗೆ ಸಿಕ್ಕಿದ ಉತ್ತರ ವಿಚಿತ್ರವಾದದ್ದು. ಲಂಡನ್, ಮ್ಯಾಂಚೆಸ್ಟರ್, ಶೆಫೀಲ್ಡಿನಂಥ ಪಟ್ಟಣಗಳಲ್ಲಿ ಮನೆಮನೆಯ ಒಲೆಯಿಂದ, ಕಾರ್ಖಾನೆಗಳ ಚಿಮಣಿಯಿಂದ ಹೊರಟ ಕಲ್ಲಿದ್ದಲಿನ ಹೊಗೆಯಲ್ಲಿ ಗಂಧಕವಿತ್ತು. ಮನುಷ್ಯರ ಶ್ವಾಸಕೋಶವನ್ನು ಹಾಳುಗೆಡವಿದ ಆ ಗಂಧಕದ ಗಾಳಿ ಬೂಷ್ಟನ್ನೂ ಕೊಲ್ಲುತ್ತಿತ್ತು. ಪಟ್ಟಣದ ತೋಟಗಾರನು ತನ್ನ ಕೈಗುಣವೆಂದು ಹೆಮ್ಮೆಪಡುತ್ತಿದ್ದಾಗ ಅವನ ಗುಲಾಬಿಗೆ ಚಿಮಣಿಯೇ ಔಷಧಿ ಹೊಡೆಯುತ್ತಿತ್ತು. 1952ರ ಡಿಸೆಂಬರಿನಲ್ಲಿ ಲಂಡನ್ನಿಗೆ ಕವಿದ ಹೊಗೆಮಂಜು ಐದು ದಿನ ಕದಲಲಿಲ್ಲ. ಸತ್ತವರು ನಾಲ್ಕು ಸಾವಿರ ಎಂದು ಆಗ ಲೆಕ್ಕ ಹಾಕಿದರು. ಅದು ಹನ್ನೆರಡು ಸಾವಿರದವರೆಗೂ ಇದ್ದೀತೆಂದು ಮುಂದಿನ ಸಂಶೋಧಕರು ಹೇಳಿದ್ದಾರೆ. 1956ರಲ್ಲಿ ಶುದ್ಧ ವಾಯು ಕಾಯಿದೆ ಬಂತು. ಗಾಳಿ ತಿಳಿಯಾಗುತ್ತ ಬಂದಂತೆ, ಅದುವರೆಗೆ ಕರಿಚುಕ್ಕೆಯನ್ನೇ ಕಾಣದಿದ್ದ ಪಟ್ಟಣದ ತೋಟಗಳಿಗೆ ರೋಗ ಕಾಲಿಟ್ಟಿತು. ಗಂಧಕದ ಗಾಳಿಯಲ್ಲಿ ಈ ಬೂಷ್ಟು ಬೆಳೆಯಲಾರದೆಂಬುದನ್ನು 1966ರಲ್ಲಿ ಸಾಂಡರ್ಸ್ ಎಂಬ ವಿಜ್ಞಾನಿ ಪ್ರಯೋಗದಿಂದ ತೋರಿಸಿದ. ಗಿರಣಿಗಳ ಹೊಗೆ ಕುಡಿದು ಪರೇಲಿನಲ್ಲಿ ಬಾಳಿದ ನಮ್ಮ ಹಿಂದಿನ ತಲೆಮಾರಿನವರಿಗೆ ಇದನ್ನು ಹೇಳಿದರೆ ನಗುತ್ತಿದ್ದರೋ ಅಳುತ್ತಿದ್ದರೋ ತಿಳಿಯದು.

ಗುಲಾಬಿ ಸವರುವ ಕ್ರಮಕ್ಕೆ ಶಾಸ್ತ್ರದ ಬಿಗಿ ಬಂದದ್ದೂ ಆ ದೇಶದಲ್ಲಿಯೇ. 1858ರಲ್ಲಿ ಲಂಡನ್ನಿನಲ್ಲಿ ಮೊದಲ ರಾಷ್ಟ್ರೀಯ ಗುಲಾಬಿ ಪ್ರದರ್ಶನ ನಡೆಯಿತು. ಅದರ ಹಿಂದೆ ದುಡಿದವರು ಪಾದ್ರಿ ರೆನಾಲ್ಡ್ಸ್ ಹೋಲ್. 1876ರಲ್ಲಿ ರಾಷ್ಟ್ರೀಯ ಗುಲಾಬಿ ಸಂಘ ಹುಟ್ಟಿತು. ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿದ ದೊಡ್ಡ ದೊಡ್ಡ ಹೂಗಳಿಗೆ ಬಹುಮಾನ. ದೊಡ್ಡ ಹೂ ಬೇಕೆಂದರೆ ಗಿಡವನ್ನು ಮೊಣಕಾಲಿಗೂ ಕೆಳಗೆ ತರಿದು ಮೂರ್ನಾಲ್ಕು ಕಡ್ಡಿಗಳನ್ನಷ್ಟೇ ಉಳಿಸಬೇಕು. ಇಂಥ ಕಣ್ಣಿನ ಮೇಲೆ, ಇಷ್ಟು ಓರೆಯಾಗಿ ಕತ್ತರಿಸಬೇಕು ಎಂಬ ವಿಧಿಗಳೆಲ್ಲ ಪುಸ್ತಕಗಳಿಗೆ ಸೇರಿ, ದೊರೆಗಳ ಜತೆ ಹಡಗು ಹತ್ತಿ ನಮ್ಮ ದೇಶಕ್ಕೂ ಬಂದವು. ಬಹುಮಾನದ ಹೂವಿಗಾಗಿ ಹುಟ್ಟಿದ ವಿಧಿಯನ್ನು ನಾವು ಗಿಡದ ಆರೋಗ್ಯದ ವಿಧಿಯೆಂದು ಭ್ರಮಿಸಿದೆವು. ಸುಮಾರು ಮೂವತ್ತು ವರ್ಷಗಳ ಹಿಂದೆ ಅದೇ ಸಂಘ ಸೇಂಟ್ ಆಲ್ಬನ್ಸ್‌ನ ತನ್ನ ತೋಟದಲ್ಲಿ ಒಂದು ಪರೀಕ್ಷೆ ಮಾಡಿತು. ಕೆಲವು ಗಿಡಗಳನ್ನು ಶಾಸ್ತ್ರೋಕ್ತವಾಗಿ ಸವರಿ, ಕೆಲವನ್ನು ಬೇಲಿ ಕತ್ತರಿಸುವ ಯಂತ್ರದಿಂದ ಒರಟಾಗಿ ತರಿದು ನೋಡಿದರು. ಒರಟಾಗಿ ತರಿದವು ಹೂವಿನಲ್ಲಿ ಹಿಂದೆ ಬೀಳಲಿಲ್ಲ! ಒಂದೂವರೆ ಶತಮಾನದ ಹೊಸ್ತಿಲಿಗೆ ಬಂದಿದ್ದ ಆ ಸಂಘ 2017ರಲ್ಲಿ ಮುಚ್ಚಿಹೋಯಿತು. ಸಂಘವೆಂದ ಮೇಲೆ ಅದನ್ನು ನಡೆಸುವ ಕಷ್ಟ ನಮಗೂ ಗೊತ್ತಿದ್ದದ್ದೇ.

ಈಗ ಮಲೆನಾಡಿನ ಎಳೆಗೆ ಬರೋಣ. 1878ರಲ್ಲಿ ಫ್ರಾನ್ಸಿನ ದ್ರಾಕ್ಷಿಗೆ ಅಮೆರಿಕದಿಂದ ಹೊಸ ಬೂಷ್ಟು ರೋಗವೊಂದು ಬಂತು. ಬೋರ್ಡೋ ಸೀಮೆಯ ಮೆದೋಕ್‌ನಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆಯ ಅಂಚಿನ ಬಳ್ಳಿಗಳಿಗೆ ಮೈಲುತುತ್ತ ಮತ್ತು ಸುಣ್ಣದ ನೀಲಿ ನೀರನ್ನು ಎರಚುವ ರೂಢಿಯಿತ್ತು. 1882ರಲ್ಲಿ ಆ ಬಳ್ಳಿಗಳಿಗೆ ಮಾತ್ರ ರೋಗ ತಗಲದೆ ಎಲೆ ನಿಂತದ್ದನ್ನು ಮಿಲಾರ್ದೆ ಎಂಬ ಪ್ರಾಧ್ಯಾಪಕ ಗಮನಿಸಿದ. ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ. ಕಳ್ಳರನ್ನು ಹೆದರಿಸಲು ಮಾಡಿದ ನೀರು ಬೋರ್ಡೋ ದ್ರಾವಣವೆಂದು ಲೋಕಪ್ರಸಿದ್ಧವಾಯಿತು. 1908ರಲ್ಲಿ ಮೈಸೂರು ಸಂಸ್ಥಾನದ ನೌಕರಿಗೆ ಬಂದ ಕೆನಡದ ಲೆಸ್ಲಿ ಕೋಲ್ಮನ್, ಮಲೆನಾಡಿನ ಅಡಕೆಯ ಕೊಳೆರೋಗಕ್ಕೆ ಕಾರಣವಾದ ಜೀವಿಯನ್ನು ಗುರುತಿಸಿ 1910ರಲ್ಲಿ ವಿವರವಾಗಿ ಬರೆದ. ಅದುವರೆಗೆ ಮಳೆಗಾಲಕ್ಕೆ ಮುನ್ನ ಕೊನೆಕೊನೆಗೂ ಕೊಟ್ಟೆ ಕಟ್ಟುತ್ತಿದ್ದ ತೋಟಿಗರು ಬರಬರುತ್ತ ಬೋರ್ಡೋ ಹೊಡೆಯಲು ಕಲಿತರು. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆ ಹಿಡಿಯುವ ಮುನ್ನ ಒಮ್ಮೆ, ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ. ಶಿರಸಿ, ಸಾಗರ, ತೀರ್ಥಹಳ್ಳಿ ಕಡೆಯಿಂದ ಬಂದ ಓದುಗರಿಗೆ ಆ ನೀಲಿ ಡ್ರಮ್ಮು, ಮರದ ತುದಿಯಿಂದ ಕೇಳುವ ಕೊನೆಗಾರನ ಕೂಗು ಇನ್ನೂ ಕಿವಿಯಲ್ಲಿರಬೇಕು.

ಇದೇ ದ್ರಾವಣವನ್ನು ಗುಲಾಬಿಗೂ ಬಳಸುತ್ತ ಬಂದಿದ್ದಾರೆ. ಆದರೆ ಒಂದು ಎಚ್ಚರ ಬೇಕು. ತಂಪು, ಮೋಡ, ಒದ್ದೆ ಇರುವಾಗ ತಾಮ್ರವು ಗುಲಾಬಿಯ ಎಳೆ ಎಲೆಯನ್ನು ಸುಡುತ್ತದೆ. ರೋಗಕ್ಕಿಂತ ಮೊದಲು ಮದ್ದೇ ಎಲೆ ಉದುರಿಸೀತು. ಆದ್ದರಿಂದ ಮಳೆಗಾಲದ ಬಾಲ್ಕನಿಯಲ್ಲಿ ಗಿಡಕ್ಕೆಲ್ಲ ಅದನ್ನು ಹೊಡೆಯುವುದು ನಮಗೆ ಸರಿಕಾಣುವುದಿಲ್ಲ. ಅದನ್ನೇ ಗಟ್ಟಿಯಾಗಿ ಕಲಸಿ, ಕತ್ತರಿಸಿದ ತುದಿಗೆ ಹಚ್ಚುವುದು ಮಾತ್ರ ನಿಜವಾಗಿ ಪ್ರಯೋಜನಕಾರಿ.

ಮದ್ದಿಗಿಂತ ಹೆಚ್ಚು ಕಲಿಯಬೇಕಾದದ್ದು ನಮ್ಮ ಕಾಫಿ ತೋಟದವರಿಂದ. ಕಾಫಿಗೂ ಮಳೆಗಾಲದಲ್ಲಿ ಎಲೆ ಕಪ್ಪಾಗಿ ಕೊಳೆಯುವ ಒಂದು ರೋಗವಿದೆ. 1876ರಲ್ಲಿ ಇಂಗ್ಲೆಂಡಿನ ಕುಕ್ ಎಂಬ ಬೂಷ್ಟುತಜ್ಞ ಮೈಸೂರಿನಿಂದ ಹೋದ ಮಾದರಿಯನ್ನು ನೋಡಿ ಅದರ ಲ್ಯಾಟಿನ್ ಹೆಸರಿನಲ್ಲಿ ನಮ್ಮ 'ಕೊಳೆರೋಗ' ಎಂಬ ಪದವನ್ನೇ ಸೇರಿಸಿದ. ಕನ್ನಡದ ಪದವೊಂದು ಹೀಗೆ ಸಸ್ಯಶಾಸ್ತ್ರದ ಗ್ರಂಥಗಳಲ್ಲಿ ಉಳಿದದ್ದು ರೋಗದ ನೆಪದಿಂದಾದರೂ ಸಂತೋಷವೇ. ಈ ರೋಗಕ್ಕೆ ತೋಟದವರ ಮೊದಲ ಉಪಾಯ ಮದ್ದಲ್ಲ. ಮಳೆ ಹಿಡಿಯುವ ಮುಂಚೆ ಮರಗಸಿ ಮಾಡಿ ನೆರಳನ್ನು ತೆಳುಗೊಳಿಸುತ್ತಾರೆ. ಗಿಡದ ನಡುವಿನ ಕಿಕ್ಕಿರಿದ ಚಿಗುರನ್ನು ಕೈಯಲ್ಲೇ ಮುರಿದು ನೆತ್ತಿಯಿಂದ ಬುಡದವರೆಗೆ ಗಾಳಿಗೆ ದಾರಿ ಮಾಡುತ್ತಾರೆ.

ಗುಲಾಬಿಗೂ ತೇವದ ಊರಿನಲ್ಲಿ ಬೇಕಾದದ್ದು ಇದೇ. ಗಿಡವನ್ನು ಬಟ್ಟಲಿನಂತೆ ನಡು ತೆರೆದಿರುವ ಹಾಗೆ ಇಡಬೇಕು. ಒಣಗಿದ್ದು, ರೋಗ ಹಿಡಿದದ್ದು, ಒಂದಕ್ಕೊಂದು ಉಜ್ಜುವುದು, ಒಳಮುಖವಾಗಿ ಬೆಳೆದದ್ದು ಇವನ್ನು ಬುಡದಿಂದಲೇ ತೆಗೆಯಬೇಕು. ಉಳಿದ ಕಡ್ಡಿಗಳನ್ನು ಹೊರಮುಖದ ಕಣ್ಣಿನ ಸ್ವಲ್ಪ ಮೇಲೆ ಕತ್ತರಿಸಬೇಕು; ಕತ್ತರಿಯ ಓರೆ ಹೆಚ್ಚುಕಡಮೆಯಾದರೆ ಚಿಂತೆಯಿಲ್ಲ, ಬಾಯಿ ಮಾತ್ರ ಹರಿತವಾಗಿ, ಶುದ್ಧವಾಗಿರಬೇಕು. ನೆರಳಿನ ಗಿಡವನ್ನು ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದೆಂದು ನಮ್ಮ ಅನುಭವ. ಎಲೆಯೇ ಗಿಡದ ಅಡುಗೆಮನೆ. ಬಿಸಿಲಿನ ಗಿಡ ಬೇಗ ಇನ್ನೊಂದನ್ನು ಕಟ್ಟಿಕೊಳ್ಳುತ್ತದೆ, ನೆರಳಿನದಕ್ಕೆ ಆ ಶಕ್ತಿಯಿಲ್ಲ. ಉದುರಿದ ಎಲೆಗಳನ್ನು ಕುಂಡದಲ್ಲೇ ಕೊಳೆಯಲು ಬಿಡದೆ ಆರಿಸಿ ಹೊರಹಾಕಬೇಕು. ಮುಂದಿನ ವರ್ಷದ ರೋಗ ಅದರಲ್ಲೇ ಕಾದಿರುತ್ತದೆ. ನೀರು ಬೆಳಿಗ್ಗೆಯೇ, ಬುಡಕ್ಕೆ ಮಾತ್ರ. ಹಳೆಯ ತೋಟಗಾರರು ಸವರುವ ಮುನ್ನ ಬೇರು ಬಿಚ್ಚಿ ಕೆಲವು ದಿನ ಬಿಸಿಲಿಗೆ ಒಡ್ಡುತ್ತಿದ್ದರು. ಚಳಿಗಾಲವಿಲ್ಲದ ಒಣ ಬಯಲಿನಲ್ಲಿ ಗಿಡಕ್ಕೆ ವಿಶ್ರಾಂತಿ ಕೊಡಿಸುವ ಆ ಉಪಾಯ ಇಲ್ಲಿನ ಒದ್ದೆ ಮಣ್ಣಿನ ಕುಂಡಕ್ಕೆ ಹೊಂದುವುದಿಲ್ಲ.

ಇನ್ನು ಕಾಲ. ವಿಜಾಪುರದ ದ್ರಾಕ್ಷಿಯವರು ಸವರುವುದಕ್ಕೆ 'ಚಾಟನಿ' ಎನ್ನುತ್ತಾರೆ. ಇಲ್ಲಿನ ಮರಾಠಿ ನೆರೆಯವರ 'ಛಾಟಣಿ'ಯೇ ಅದು. ಅವರ ಚಾಟನಿ ಏಪ್ರಿಲಿನಲ್ಲೊಮ್ಮೆ, ಹಣ್ಣಿಗಾಗಿ ಅಕ್ಟೋಬರಿನಲ್ಲೊಮ್ಮೆ. ಎರಡೂ ಮಳೆಗಾಲದ ಆಚೀಚೆ. ಗುಲಾಬಿಗೆ ಉತ್ತರದ ಬಯಲಿನಲ್ಲಿ ಅಕ್ಟೋಬರಿನ ನಡುಭಾಗ, ಹಿಮ ಬೀಳುವ ಬೆಟ್ಟಗಳಲ್ಲಿ ಫೆಬ್ರವರಿ–ಮಾರ್ಚಿ, ಬೆಂಗಳೂರಿನಲ್ಲಿ ಜೂನ್ ಮತ್ತು ನವೆಂಬರ್. ಬೆಂಗಳೂರಿಗೆ ವರ್ಷಕ್ಕೆಲ್ಲ ಸೇರಿ ಬೀಳುವ ಮಳೆ ಸಾವಿರ ಮಿಲಿಮೀಟರಿನ ಆಸುಪಾಸು; ಮುಂಬಯಿಯಲ್ಲಿ ಜುಲೈ ಒಂದರಲ್ಲೇ ಎಂಟುನೂರಕ್ಕೂ ಹೆಚ್ಚು. ಜೂನಿನಲ್ಲಿ ಒಡೆದ ಎಳೆ ಚಿಗುರು ಅಲ್ಲಿ ತುಂತುರಿನಲ್ಲಿ ಬಲಿಯುತ್ತದೆ, ಇಲ್ಲಿ ಜಡಿಮಳೆಗೆ ಸಿಕ್ಕುತ್ತದೆ. ನಮ್ಮ ತಪ್ಪು ಇದ್ದದ್ದು ಇಲ್ಲಿ. ಮುಂಬಯಿಯಲ್ಲಿ ಮೇ ಕೊನೆಗೆ ನಡು ಬಿಡಿಸುವುದು ಮಾತ್ರ, ನಿಜವಾದ ಸವರಿಕೆ ಹಸ್ತ, ಚಿತ್ತೆ ಕಳೆದ ಮೇಲೆ. ಚೆನ್ನೈಯ ಓದುಗರು ನಮ್ಮ ಲೆಕ್ಕವನ್ನೂ ಹಿಡಿಯಬಾರದು. ಅವರ ದೊಡ್ಡ ಮಳೆ ಶುರುವಾಗುವುದೇ ಅಕ್ಟೋಬರಿನಲ್ಲಿ.

ತೇವಕ್ಕೆ ಹೆದರದ ಗುಲಾಬಿಗಳೂ ಇಲ್ಲದಿಲ್ಲ. ಬಂಗಾಳ, ಬಿಹಾರದ ನದೀತೀರಗಳಲ್ಲಿ ಪ್ರವಾಹದ ನೀರಿನಲ್ಲೂ ನಿಲ್ಲುವ ಬಿಳಿ ಕಾಡುಗುಲಾಬಿ ನಮ್ಮ ದೇಶದ್ದೇ. ಕ್ಲೈನೋಫಿಲ್ಲಾ ಎಂಬ ಹೆಸರಿನ ಅದನ್ನೂ ಮಣಿಪುರದ ದೊಡ್ಡ ಕಾಡುಗುಲಾಬಿಯನ್ನೂ ಬಳಸಿ, ಕೊಡೈಕನಾಲಿನ ವೀರರಾಘವನ್ ಬಿಸಿನಾಡಿಗೆ ಹೊಂದುವ ತಳಿಗಳನ್ನು ಸೃಷ್ಟಿಸುತ್ತ ಬಂದರು. ಅಮೆರಿಕದ ವಿಲಿಯಂ ರ‍್ಯಾಡ್ಲರ್ ಇನ್ನೊಂದು ದಾರಿ ಹಿಡಿದರು: ಕರಿಚುಕ್ಕೆ ಹಿಡಿದ ಎಲೆಗಳನ್ನು ಒಣಗಿಸಿ ಪುಡಿಮಾಡಿ ತಮ್ಮ ಸಸಿಗಳ ಮೇಲೆಯೇ ಉದುರಿಸಿ, ನೀರು ಚಿಮುಕಿಸಿ, ಸಾಯದೆ ಉಳಿದವನ್ನು ಮಾತ್ರ ಆರಿಸಿಕೊಂಡರು. 2000ದಲ್ಲಿ ಮಾರುಕಟ್ಟೆಗೆ ಬಂದ 'ನಾಕ್ ಔಟ್' ಹುಟ್ಟಿದ್ದು ಹೀಗೆ. ಅದರ ಹೂವಿಗೆ ಹೇಳಿಕೊಳ್ಳುವಂಥ ಪರಿಮಳವಿಲ್ಲ ಎಂಬುದು ನಮ್ಮ ಮನೆಯ ಹೆಂಗಸರ ಆಕ್ಷೇಪ. ಮುಡಿಯುವವರ ಮಾತನ್ನು ತಳ್ಳಿಹಾಕುವಂತಿಲ್ಲ.

ನಮ್ಮ ನಸುಗೆಂಪು ಗಿಡಕ್ಕೆ ಕಳೆದ ವರ್ಷ ವಿಜಯದಶಮಿಯ ಮರುವಾರ ಕತ್ತರಿ ಹಾಕಿ, ತುದಿಗಳಿಗೆ ನೀಲಿ ಪೇಸ್ಟು ಹಚ್ಚಿದೆವು. ಡಿಸೆಂಬರಿನ ಮೊದಲ ವಾರ ಏಳು ಹೂ ಬಿಟ್ಟವು. ಹಳದಿ ಗಿಡದ ಕುಂಡದಲ್ಲಿ ಈಗ ದೊಡ್ಡಪತ್ರೆ ಇದೆ.